ಕಣ್ಣಿಲ್ಲದ ದೋಣಿ

"ಕಾಂಬೋಡಿಯಾದ ನಾಯಿಗಳಾ, ಇವತ್ತು ಸಂಜೆಯೊಳಗೆ ಕೆರೆ ಖಾಲಿ ಮಾಡ್ಬೇಕು," ಎಂದು ಸರ್ಕಾರಿ ಅಧಿಕಾರಿ ಖೊವಾ ಸಾಹೇಬ ತನ್ನ ಮೋಟಾರು ದೋಣಿಯಿಂದಲೇ ಕೂಗಿದ.

ನಾನು ಬಲೆಯಿಂದ ಮೀನು ಬಿಡಿಸುತ್ತಿದ್ದೆ. ನಗು ಬಂತು. ಕಾಂಬೋಡಿಯಾದ ದೊಡ್ಡ ಸರೋವರದಲ್ಲಿದ್ದಾಗ ಅಲ್ಲಿನ ಸಾಹೇಬರು ಇದೇ ರಾಗದಲ್ಲಿ "ವಿಯೆಟ್ನಾಮಿನ ನಾಯಿಗಳಾ" ಅನ್ನುತ್ತಿದ್ದರು. ನಾವು ನಾಯಿಗಳು ಅನ್ನುವುದರಲ್ಲಿ ಎರಡೂ ದೇಶಗಳಿಗೆ ಒಮ್ಮತವಿದೆ. ಯಾರ ನಾಯಿ ಅನ್ನುವುದೇ ತಕರಾರು. ಅಲ್ಲಿ ನಮ್ಮ ತೇಲುಮನೆಗಳನ್ನು ಒಡೆದು ಅಟ್ಟಿದ ಮೇಲೆ, ನಮ್ಮ ದೇಶ ಅಂತ ಒಂದಿದೆಯಲ್ಲ ಎಂದು ಗಡಿ ದಾಟಿ ವಿಯೆಟ್ನಾಮಿನ ಈ ಕೆರೆಗೆ ಬಂದಿದ್ದೆವು.

"ನಾವು ಇಲ್ಲಿಯೋರೇ ಸಾಹೇಬ್ರೇ," ಎಂದ ನನ್ನ ಗಂಡ ಬಿಯೆನ್. "ನಮ್ಮ ತಾತ ಮೀನು ಹುಡುಕ್ಕೊಂಡು ಆ ಕಡೆ ಹೋದ್ರು, ಅಷ್ಟೇಯ. ಮಾತು ಕೇಳಿದ್ರೆ ಗೊತ್ತಾಗಾಕಿಲ್ವಾ?"

"ನಮ್ಮ ಆಫೀಸಿನ ಮೈನಾ ಹಕ್ಕೀನೂ ನಮ್ಮ ಭಾಷೆ ಮಾತಾಡುತ್ತೆ. ಅದಕ್ಕೂ ಗುರುತಿನ ಚೀಟಿ ಕೊಡ್ಲೇನೋ ಬೋಳೀಮಗನೆ?"

ಆಮೇಲೆ ನಮ್ಮ ಮನೆಯೂ ಆಗಿದ್ದ ದೋಣಿಯ ಮೂತಿ ನೋಡಿದ. "ನಮ್ಮೋರ ದೋಣಿಗೆ ಎರಡು ಕಣ್ಣು ಬರೆದಿರ್ತಾರೆ, ದಾರಿ ಕಾಣ್ಲಿ ಅಂತ. ನಿಮ್ದು ನೋಡು, ಬೋಳು."

ಎಲೆಅಡಿಕೆ ಜಗಿಯುತ್ತಿದ್ದ ನಮ್ಮತ್ತೆ ಡಿಯೆಪ್ ಬಾಯಿ ತೆರೆದಳು. "ಇತ್ತು ಕಣಪ್ಪಾ. ಅಲ್ಲಿ ಕಣ್ಣಿರೋ ದೋಣೀನೇ ಹುಡ್ಕಿ ಹುಡ್ಕಿ ಬೆಂಕಿ ಇಕ್ಕೋರು. ನಮ್ ಯಜಮಾನ್ರೇ ಕೆತ್ತಿ ತೆಗೆದ್ರು."

ನಿಜ. ಮಾವ ಆ ದಿನ ಚಾಕು ಹಿಡಿದು ಅತ್ತ ಹಾಗೆ ತಮ್ಮ ಅಪ್ಪ ಸತ್ತಾಗಲೂ ಅತ್ತಿರಲಿಲ್ಲವಂತೆ.

"ಹಂಗಾರೆ ಈಗ್ಲೇ ಬರ್ಕೊಂತೀವಿ," ಎಂದ ಬಿಯೆನ್.

"ಈಗ ಬರೆದ್ರೆ ಮೋಸ. ಒಳಗೆ ಹಾಕ್ತೀನಿ."

"ಬರೀದಿದ್ರೆ?"

"ಕಾಂಬೋಡಿಯಾದೋರು. ಓಡಿಸ್ತೀನಿ."

ಇಷ್ಟು ನ್ಯಾಯ ಹೇಳಿದ ಸಾಹೇಬ, ತನ್ನ ದೋಣಿಯನ್ನು ನಮ್ಮದಕ್ಕೆ ತಾಗಿಸಿ, ನನ್ನ ಬುಟ್ಟಿಯಿಂದ ದಪ್ಪನೆಯ ಕೊರವ ಮೀನೊಂದನ್ನು ಎತ್ತಿಕೊಂಡ. ತನಿಖೆಗಂತೆ.

ಅವನು ಮೀನನ್ನು ಕಂಕುಳಿಗೆ ಇರುಕಿಸಿಕೊಳ್ಳುವಷ್ಟರಲ್ಲಿ ಅತ್ತೆ ಸುಣ್ಣದ ಡಬ್ಬಿಗೆ ಬೆರಳದ್ದಿ, ಬಗ್ಗಿ, ಅವನ ಮೋಟಾರು ದೋಣಿಯ ಮೂತಿಗೆ ದುಂಡಗೆ ಬಿಳಿ ಕಣ್ಣೊಂದು ಬರೆದಳು. ನಡುವೆ ಗುರಿಯಿಟ್ಟು ಉಗಿದಳು. ಕೆಂಪು ಪಾಪೆ ಚೆನ್ನಾಗಿಯೇ ಮೂಡಿತು.

"ಏ ಮುದುಕಿ, ಸರ್ಕಾರದ ದೋಣಿ ಅದು!"

"ಅದಕ್ಕೂ ಕಣ್ಣಿಲ್ವಲ್ಲೋ ಮಗಾ. ನಾಳೆ ನಿನ್ನೂ ಕಾಂಬೋಡಿಯಾದೋನು ಅಂದ್ಬಿಟ್ರೆ ಏನ್ ಮಾಡ್ತೀಯಾ? ಇನ್ನೊಂದು ಮಗ್ಗುಲು ತಿರುಗ್ಸು, ಬರ್ದ್ಬಿಡ್ತೀನಿ."

ಅಕ್ಕಪಕ್ಕದ ದೋಣಿಗಳಲ್ಲಿ ಜನ ಬಿದ್ದು ಬಿದ್ದು ನಕ್ಕರು. ಸಾಹೇಬನ ಮುಖ ಕಪ್ಪಿಟ್ಟಿತು. ಕತ್ತಿ ತೆಗೆದು, ನಮ್ಮ ದೋಣಿಯನ್ನು ಗೂಟಕ್ಕೆ ಕಟ್ಟಿದ್ದ ಹಗ್ಗವನ್ನು ಒಂದೇ ಏಟಿಗೆ ಕಡಿದ. ಒಲೆಯ ಮೇಲಿನ ಅನ್ನ, ಮಲಗಿದ್ದ ಮಗು, ಎಲ್ಲ ಸಮೇತ ಮನೆ ತೇಲಿಕೊಂಡು ಹೊರಟಿತು. ನಗು ನಿಂತಿತು.

ನಾನು ನಮ್ಮ ಕಡೆ ಉಳಿದಿದ್ದ ಹಗ್ಗದ ತುದಿ ಹಿಡಿದು ಅವನ ದೋಣಿಯ ಹಿಂಬದಿಯ ಕೊಂಡಿಗೆ ಬಿಗಿಯಾಗಿ ಕಟ್ಟಿದೆ.

"ನಮ್ ದೇಶ ಯಾವ್ದು ಅಂತ ನಮ್ಗೆ ಗೊತ್ತಿಲ್ಲ. ನಿಮ್ಗೆ ಗೊತ್ತೈತಲ್ಲ," ಎಂದೆ. "ನಡೀರಿ ಸಾಹೇಬ್ರೇ. ಅಲ್ಲೀಗಂಟ ಎಳ್ಕೊಂಡೋಗಿ ಬುಟ್ಬುಡಿ."

ಅವನು ಎಂಜಿನ್ನಿನ ದಾರಕ್ಕೆ ಕೈ ಹಾಕಿದ. ಗಡಿಯ ದಿಕ್ಕಿಗೆ ನೋಡಿದ, ಊರಿನ ದಿಕ್ಕಿಗೆ ನೋಡಿದ, ದಾರ ಮಾತ್ರ ಎಳೆಯಲಿಲ್ಲ. ಕೊರವ ಇನ್ನೂ ಅವನ ಕಂಕುಳಲ್ಲಿ ಒದ್ದಾಡುತ್ತಿತ್ತು. ಗಾಳಿ ಎರಡೂ ದೋಣಿಗಳನ್ನು ನಡುನೀರಿಗೆ ತಳ್ಳುತ್ತಿತ್ತು.