ದ್ಯಾಮವ್ವ ತಿಕ್ಕಿದ ಕಪ್

ನಾನು ಒಂದು ಕಪ್. ಚಹಾ ಕುಡಿಯುವ ಕಪ್ಪಲ್ಲ. ಎರಡು ಕಿವಿಗಳಿರುವ, ಗೆದ್ದವರು ತಲೆಯ ಮೇಲೆ ಎತ್ತಿ ಹಿಡಿಯುವ ಕಪ್. ಮೊರಾದಾಬಾದಿನ ಓಣಿಯೊಂದರಲ್ಲಿ ಹಿತ್ತಾಳೆಯ ತಗಡನ್ನು ಬಡಿದು ನನ್ನನ್ನು ಮಾಡಿದರು. ಮೇಲೆ ತೆಳ್ಳಗೆ ಬೆಳ್ಳಿಯ ಲೇಪ ಕೊಟ್ಟು, ದೇಶದ ರಗ್ಬಿ ಕ್ಲಬ್ಬುಗಳ ಚಾಂಪಿಯನ್‌ಶಿಪ್ಪಿಗೆ ಕಳಿಸಿದರು. ಮೊಟ್ಟೆಯಾಕಾರದ ಚೆಂಡನ್ನು ಅಪ್ಪಿಕೊಂಡು ಮುಂದಕ್ಕೆ ಓಡಬೇಕು, ಜೊತೆಗಾರನಿಗೆ ಎಸೆಯುವಾಗ ಮಾತ್ರ ಹಿಂದಕ್ಕೇ ಎಸೆಯಬೇಕು. ಅಂಥ ಆಟ ಅದು.

ಮೊದಲ ವರ್ಷಗಳು ಕೋಲ್ಕತ್ತ, ಮುಂಬೈಗಳ ದೊಡ್ಡ ಕ್ಲಬ್ಬುಗಳ ಗಾಜಿನ ಕಪಾಟುಗಳಲ್ಲಿ ಕಳೆದವು. ನೋಡಿದವರೆಲ್ಲ ‘ಅಪ್ಪಟ ಬೆಳ್ಳಿ’ ಎನ್ನುತ್ತಿದ್ದರು. ನಾನೂ ನಂಬಿದ್ದೆ ಅನ್ನಿ.

ಆಮೇಲೆ, ಯಾರೂ ಎಣಿಸದಿದ್ದಾಗ, ಹುಬ್ಬಳ್ಳಿಯ ಹುಡುಗರು ಗೆದ್ದುಬಿಟ್ಟರು. ರೈಲಿನಲ್ಲಿ ತೊಡೆಯಿಂದ ತೊಡೆಗೆ ಹಾಯುತ್ತ ಅವರ ಊರಿಗೆ ಬಂದೆ. ಅವರ ಕ್ಲಬ್ಬಿಗೆ ಕಪಾಟಿರಲಿ, ಕೋಣೆಯೂ ಇರಲಿಲ್ಲ. ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಕ್ಯಾಪ್ಟನ್ ಬಸಲಿಂಗನ ಮನೆಯಲ್ಲಿ, ಅಡುಗೆಮನೆಯ ಗೂಡಿನಲ್ಲಿ ವರ್ಷವಿಡೀ ಹೊಗೆ ಕುಡಿದು ಕಪ್ಪಾದೆ.

ಮುಂದಿನ ಚಾಂಪಿಯನ್‌ಶಿಪ್ಪಿಗೆ ನನ್ನನ್ನು ಮರಳಿಸುವ ದಿನ ಬಂತು. ಇಸಿದುಕೊಂಡ ಪಾತ್ರೆಯನ್ನು ತಿಕ್ಕದೆ ಮರಳಿಸುವವಳಲ್ಲ ಬಸಲಿಂಗನ ತಾಯಿ ದ್ಯಾಮವ್ವ. ಹುಣಸೆಹಣ್ಣು, ಇಟ್ಟಿಗೆಪುಡಿ, ತೆಂಗಿನ ನಾರು ತಂದು ಬಿಸಿಲಿಗೆ ಕುಳಿತಳು. “ಎಷ್ಟ್ ವರ್ಷದ ಕೊಳಿನೋ ಏನೋ, ಬಿಡವಲ್ದು” ಎಂದು ತಿಕ್ಕಿದಳು, ತಿಕ್ಕಿದಳು. ಬಸಲಿಂಗ ಬಂದು ನೋಡುವಷ್ಟರಲ್ಲಿ ನಾನು ಹಳದಿಗೆ ಫಳಫಳ ಹೊಳೆಯುತ್ತಿದ್ದೆ.

“ಯವ್ವಾ! ಬೆಳ್ಳಿ ಎಲ್ಲಾ ತಿಕ್ಕಿ ತಗದೀಯಲ್ಲ! ಕಪ್ ಕೆಡಿಸಿದೋರ್ನ ಇನ್ನ ಆಡಾಕ ಬಿಡ್ತಾರೇನ?”

“ತಿಕ್ಕಿದಾಕಿ ನಾ. ನಾನೂ ಬರ್ತೀನಿ, ನಡಿ.”

ಪುಣೆಯ ಮೈದಾನದಲ್ಲಿ ರಗ್ಬಿ ಸಂಘದ ಕಾರ್ಯದರ್ಶಿ, ಬೆಂಗಳೂರಿನ ನರೋನ್ಹಾ, ನನ್ನನ್ನು ತಿರುಗಿಸಿ ನೋಡಿದರು. “ಏನ್ರೀ ಕ್ಯಾಪ್ಟನ್, ಕಪ್ ಕೊಟ್ಟು ಕಳಿಸಿದ್ರೆ ತಂಬಿಗೆ ತಂದಿದ್ದೀರಾ?”

ಸುತ್ತಲಿದ್ದವರು ಘೊಳ್ಳೆಂದರು. ಬಸಲಿಂಗ ನೆಲ ನೋಡಿದ. ದ್ಯಾಮವ್ವ ಸೆರಗು ಬಿಗಿದಳು.

“ತಿಕ್ಕಿದ್ದು ನಾನರೀ ಸಾಹೇಬ್ರ. ಖರೇ. ಆದ್ರ ಒಳಗ ಹಿತ್ತಾಳಿ ಇಟ್ಟಾಕಿ ನಾನಲ್ಲ ಮತ್ತ.”

ಈಗ ನಗು ಇನ್ನೊಂದು ಕಡೆಗೆ ತಿರುಗಿತು. ನರೋನ್ಹಾ ಮೀಸೆ ಸವರಿಕೊಂಡರು. “ಆಯ್ತಮ್ಮ, ಈ ಸಲ ಆಡ್ಲಿ. ಸೋತ್ರೆ ಮುಂದಿನ ವರ್ಷ ನಿಮ್ಮ ಟೀಮು ಬರೋ ಹಾಗಿಲ್ಲ.”

“ಗೆದ್ರರೀ?”

“ಗೆದ್ರೆ ನನ್ನ ಕೈಯಾರೆ ಕೊಡ್ತೀನಿ.”

ಫೈನಲ್ಲಿನ ಕೊನೆಯ ಗಳಿಗೆ. ಎದುರಾಳಿಗಳು ಅಂಕಗಳಲ್ಲಿ ಒಂದು ಹೆಜ್ಜೆ ಮುಂದಿದ್ದರು. ಬಸಲಿಂಗ ಎದುರಾಳಿಗಳ ತುದಿಯ ಗೆರೆಯ ಹತ್ತಿರ ಬಂದಿದ್ದ. ಸೊಂಟಕ್ಕೆ ಇಬ್ಬರು ಜೋತುಬಿದ್ದಿದ್ದರು. ಮಾನ ಹೋದದ್ದು ಅವನ ಮನೆಯದು, ತಾನೇ ನುಗ್ಗಿಯಾನು ಎಂದುಕೊಂಡೆ. ಅವನು ಬೀಳುತ್ತಲೇ ಚೆಂಡನ್ನು ಹಿಂದೆ ಓಡಿಬರುತ್ತಿದ್ದ ಜೊತೆಗಾರ ದಸ್ತಗೀರನಿಗೆ ಎಸೆದ. ದಸ್ತಗೀರ ಗೆರೆ ದಾಟಿ ಚೆಂಡನ್ನು ನೆಲಕ್ಕೊತ್ತಿ ಅಂಕ ಗಳಿಸಿದ. ಹುಬ್ಬಳ್ಳಿ ಗೆದ್ದಿತು.

ನರೋನ್ಹಾ ಮಾತು ತಪ್ಪಲಿಲ್ಲ. ನನ್ನನ್ನು ಎರಡೂ ಕೈಗಳಲ್ಲಿ ಹಿಡಿದು ನೇರವಾಗಿ ದ್ಯಾಮವ್ವನ ಮುಂದೆ ನಿಂತರು. “ತಗೊಳ್ಳಿ ಅಮ್ಮ. ಇನ್ನು ತಿಕ್ಕಬೇಡಿ.”

“ನೋಡೂಣ್ರೀ” ಎಂದಳು ದ್ಯಾಮವ್ವ.

ಆ ಚಾಂಪಿಯನ್‌ಶಿಪ್ ಮತ್ತೆ ನಡೆಯಲೇ ಇಲ್ಲ. ದೊಡ್ಡ ಊರುಗಳ ಹೆಸರಿನಲ್ಲಿ ಹೊಸ ಲೀಗ್ ಬಂತು. ಅದಕ್ಕೆ ಗಾಜಿನ ಕಪ್ಪಂತೆ. ನನ್ನನ್ನು ಮರಳಿ ಕೇಳಲು ಯಾರೂ ಬರಲಿಲ್ಲ.

ಈಗ ನನಗೆ ವಯಸ್ಸಾಗಿದೆ, ಒಂದು ಕಿವಿ ಸಡಿಲವಾಗಿದೆ. ತಲೆ ನರೆತ ಬಸಲಿಂಗ ಸಂಜೆ ಹುಡುಗಿಯರಿಗೆ ರಗ್ಬಿ ಕಲಿಸುತ್ತಾನೆ. ಮೈದಾನದ ಅಂಚಿನಲ್ಲಿ ನಾನು ನೀರು ತುಂಬಿಕೊಂಡು ಕಾಯುತ್ತೇನೆ. ಕಪಾಟಿನಲ್ಲಿದ್ದಾಗ ಯಾರ ಬಾಯಾರಿಕೆಗೂ ಒದಗದವನು ನಾನು. ಗೆದ್ದವರ ಹೆಸರುಗಳನ್ನು ನನ್ನ ಹೊಟ್ಟೆಯ ಮೇಲೆ ಕೆತ್ತಿದ್ದಾರೆ, ಕೊನೆಯದು ಹುಬ್ಬಳ್ಳಿ. ಅದರ ಕೆಳಗೆ ಇನ್ನೂ ಜಾಗವಿದೆ. ಮೊಣಕಾಲು ತರಚಿಕೊಂಡ ಹುಡುಗಿಯರು ನನ್ನನ್ನೆತ್ತಿ ಗಟಗಟನೆ ಕುಡಿಯುವಾಗ ಅವರ ಹೆಬ್ಬೆರಳು ಅಲ್ಲೇ ಊರುತ್ತದೆ.