ಕಪ್ಪು ಕಂಬದ ಸೌದೆ

ಓಣಿಯವರೆಲ್ಲ ಅವಳನ್ನು ತೂಕದಮ್ಮ ಎಂದೇ ಕರೆಯುತ್ತಿದ್ದರು. ಹಳೆಯ ಬಸ್ ನಿಲ್ದಾಣದ ಹಿಂದೆ ಅವಳ ಸೌದೆ ಡಿಪೋ. ಹೊರೆಯನ್ನು ತಕ್ಕಡಿಗೆ ಹಾಕುವ ಮೊದಲೇ ಕಣ್ಣಲ್ಲಿ ಅಳೆದುಬಿಡುತ್ತಿದ್ದಳು. ಮದುವೆ ಮನೆಯಲ್ಲಿ ಅವಳ ಎದುರು ಗಂಡನ್ನು ನಿಲ್ಲಿಸಬೇಡಿ, ತೂಕ ಹೇಳಿಬಿಡುತ್ತಾಳೆ ಎಂದು ಬಂಧುಗಳು ನಗುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಡಿಪೋ ಅವಳ ಪಾಲಿಗೆ ಬಂದಿತ್ತು, ಲಾರಿ ಮೈದುನನ ಪಾಲಿಗೆ.

ಅವಳು ಸೊಸೆಯಾಗಿ ಬಂದ ಕಾಲದಲ್ಲಿ ಇಬ್ಬರು ಸೇರಿ ಎತ್ತಬೇಕಾದ ದಿಮ್ಮಿಗಳು ಬರುತ್ತಿದ್ದವು. ಬೆಳಿಗ್ಗೆ ಹೋದ ಲಾರಿ ಊಟದ ಹೊತ್ತಿಗೆ ಮರಳುತ್ತಿತ್ತು. ಬರಬರುತ್ತ ದಿಮ್ಮಿ ಹೋಗಿ ತೋಳುಗಾತ್ರದ ಕೊಂಬೆ ಬಂತು, ಕೊಂಬೆ ಹೋಗಿ ಮಣ್ಣು ಮೆತ್ತಿದ ಬೇರು ಬಂತು. ಲಾರಿ ಈಗ ಹೋದರೆ ಮಾರನೇ ದಿನವೇ ಬರುವುದು. ಬಂದಾಗಲೂ ಅರ್ಧ ಹೊಟ್ಟೆ.

ಅಡುಗೆ ಅನಿಲ ಮನೆಮನೆಗೆ ಬಂದಾಗ ಎಲ್ಲರೂ ಅವಳಿಗೆ ಬುದ್ಧಿ ಹೇಳಿದ್ದರು. ಇನ್ನು ಸೌದೆಯನ್ನು ಯಾರು ಕೇಳುತ್ತಾರೆ, ಜಾಗ ಮಾರಿ ಹಾಯಾಗಿರು ಎಂದು. ಹೊರೆ ಹೊತ್ತೊಯ್ಯುವ ಹೆಂಗಸರು ನಿಜಕ್ಕೂ ಕಡಿಮೆಯಾದರು. ಆದರೆ ಊರು ಬೆಳೆಯಿತು. ಬೇಕರಿಗಳು, ಹೋಟೆಲುಗಳು, ಇಟ್ಟಿಗೆ ಗೂಡುಗಳು ಹೆಚ್ಚಿದವು. ಮುಂಚೆ ನೂರು ಒಲೆ ತಿನ್ನುತ್ತಿದ್ದುದನ್ನು ಈಗ ನಾಲ್ಕು ದೊಡ್ಡ ಬಾಯಿಗಳು ತಿನ್ನತೊಡಗಿದವು.

ವರ್ಷಕ್ಕೊಮ್ಮೆ ಸೌದೆಯ ಸರ್ವೆಗೆಂದು ಸರ್ಕಾರಿ ಕಚೇರಿಯಿಂದ ಒಬ್ಬ ಮೇಡಮ್ ಬಂದು ಎಷ್ಟು ಮಾರಿದಿರಿ, ಎಲ್ಲಿಂದ ತಂದಿರಿ ಎಂದು ವಿಚಾರಿಸುತ್ತಿದ್ದಳು. ಕುಳಿತು ಮಾತಾಡುವ ಹೆಂಗಸು. ಇಡೀ ದೇಶದ ಸೌದೆಯ ಲೆಕ್ಕ ಮೂವತ್ತು ವರ್ಷಗಳಿಂದ ಕೆಳಗೆ ಇಳಿದೇ ಇಲ್ಲ ಎಂದು ಅವಳೇ ಒಮ್ಮೆ ಹೇಳಿದ್ದಳು. ಕಾಡೆಲ್ಲ ಬರಿದಾಗುತ್ತದೆ ಎಂದು ಹೆದರಿಸಿದವರ ಮಾತೂ ಸುಳ್ಳಾಯಿತು, ಸೌದೆ ತಾನಾಗಿಯೇ ನಿಲ್ಲುತ್ತದೆ ಎಂದವರ ಮಾತೂ ಸುಳ್ಳಾಯಿತಂತೆ. ಕಡಿಯುತ್ತಿರುವುದು ಹೊಲದ ಬದುಗಳಲ್ಲಿ, ರಸ್ತೆಯ ಅಂಚಿನಲ್ಲಿ, ಮುದಿ ತೋಟಗಳಲ್ಲಿ. ಅಲ್ಲೊಂದು ಇಲ್ಲೊಂದು ಹೋಗುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ ಎಂದಿದ್ದಳು. ತೂಕದಮ್ಮನ ಕಣ್ಣಿಗೆ ಬಿದ್ದಿತ್ತು. ಆದರೆ ಅದನ್ನು ಆಡಿ ಆಗುವುದೇನು ಎಂದು ಸುಮ್ಮನಿದ್ದಳು.

ಆ ವರ್ಷ ಬೇಸಿಗೆಗೂ ಮುಂಚೆಯೇ ಬದುಗಳು ಬೋಳಾದವು. ಎರಡು ಸಲ ಲಾರಿ ಬರಿದೇ ಬಂತು. ಅವಳ ದೊಡ್ಡ ಗಿರಾಕಿ ಎಂದರೆ ಸ್ವಂತ ಅಕ್ಕನ ಗಂಡ. ಭಾವನ ಬೇಕರಿಯ ಕಲ್ಲೊಲೆ ಒಮ್ಮೆ ಆರಿತೆಂದರೆ ಮತ್ತೆ ಕಾಯಲು ಇಡೀ ದಿನ ಬೇಕು. ಅವನು ದಿನಾ ಬಂದು ಗೇಟಿನ ಹತ್ತಿರ ನಿಲ್ಲುತ್ತಿದ್ದ. ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ, ಅದೇ ಅವಳಿಗೆ ಹಿಂಸೆಯಾಗುತ್ತಿತ್ತು.

ಆಗಲೇ ಮೈದುನ ಕಪ್ಪು ಮರ ತಂದಿದ್ದು. ರೈಲು ಹಳಿಯ ಕೆಳಗೆ ಹಾಸಿದ್ದ ತೊಲೆಗಳು, ತಂತಿ ಹೊತ್ತು ಹಳತಾದ ಕಂಬಗಳು. ಗರಗಸದಲ್ಲಿ ತುಂಡು ಮಾಡಿಸಿದ್ದ. ಮುಟ್ಟಿದರೆ ಕೈ ಅಂಟುತ್ತಿತ್ತು, ಡಾಂಬರಿನ ವಾಸನೆ ಮೂಗಿಗೆ ಅಡರುತ್ತಿತ್ತು. ಉರಿ ಮಾತ್ರ ಜೋರು. ಅದೇ ವಾರ ಸರ್ವೆ ಮೇಡಮ್ ಬಂದವಳು ರಾಶಿಯ ಮುಂದೆ ನಿಂತುಬಿಟ್ಟಳು.

"ಇದಕ್ಕೆ ಹುಳ ಹಿಡೀಬಾರದು ಅಂತ ವಿಷದ ಎಣ್ಣೆ ಕುಡಿಸಿರ್ತಾರೆ. ಇದರ ಹೊಗೆ ಕೆಟ್ಟದ್ದು. ಒಲೆಗೆ ಮಾತ್ರ ಕೊಡಬೇಡಿ," ಎಂದಳು.

ಕೊಡುವುದಿಲ್ಲ ಎಂದಳು ತೂಕದಮ್ಮ. ಹೇಳುವಾಗ ಮನಸ್ಸಿನಲ್ಲಿದ್ದುದೂ ಅದೇ. ಮರುದಿನ ಭಾವ ಬಂದು, ಒಲೆ ಆರುತ್ತಿದೆ, ಹಿಟ್ಟು ನಾದಿ ಇಟ್ಟಾಗಿದೆ ಎಂದು ನೆಲ ನೋಡುತ್ತ ನಿಂತಾಗ ಮನಸ್ಸು ಜಾರಿತು. ಒಂದು ಸಲಕ್ಕೆ ಏನಾದೀತು ಎಂದುಕೊಂಡು ಕಪ್ಪು ತುಂಡುಗಳನ್ನು ತೂಗಿ, ಮೇಲೆ ಒಂದಿಷ್ಟು ಕೊಂಬೆ ಹೊದಿಸಿ ಕಳಿಸಿದಳು. ಒಂದು ಸಲ ಎಂಬುದು ಎರಡಾಯಿತು, ಆಮೇಲೆ ರೂಢಿಯಾಯಿತು.

ಬೇಕರಿಯಲ್ಲಿ ಒಲೆಯ ಬಾಯಿ ನೋಡಿಕೊಳ್ಳುವವಳು ಅಕ್ಕ. ಉದ್ದನೆಯ ಹಲಗೆಯಲ್ಲಿ ಬ್ರೆಡ್ಡು ಒಳಗೆ ತಳ್ಳುವುದು, ಹೊರಗೆ ಎಳೆಯುವುದು ಅವಳ ಕೆಲಸ, ಸೌದೆ ಒಟ್ಟುವುದು ಭಾವನದು. ಮಳೆ ಶುರುವಾಗುವ ಹೊತ್ತಿಗೆ ಅವಳ ಕಣ್ಣು ಊದಿತು, ಕೆನ್ನೆಯ ಚರ್ಮ ಸುಲಿಯಿತು, ಕೆಮ್ಮು ಹತ್ತಿಕೊಂಡು ಬಿಡದಾಯಿತು. ಹಿಟ್ಟಿನ ಧೂಳಿರಬೇಕು ಎಂದು ಭಾವ ಎಲ್ಲರಿಗೂ ಹೇಳಿದ. ವೈದ್ಯರು ಹೊಗೆ ಎಂದರು.

ತೂಕದಮ್ಮ ನೋಡಲು ಹೋದಾಗ ಅಕ್ಕ ಕಿಟಕಿಯ ಪಕ್ಕ ಒದ್ದೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡು ಕೂತಿದ್ದಳು. ಭಾವ ಬಾಗಿಲಲ್ಲಿ ನಿಂತಿದ್ದ. ಅದೂ ಇದೂ ಮಾತಾಡಿದ ಮೇಲೆ ಅಕ್ಕನೇ ಅಂದಳು, ಈಚೆಗೆ ನೀನು ಕಳಿಸೋ ಸೌದೆ ಎಷ್ಟು ಚೆನ್ನಾಗಿ ಉರಿಯುತ್ತೆ ಗೊತ್ತಾ, ನಿಮ್ಮ ಭಾವನಿಗೆ ಅರ್ಧ ಚಿಂತೆ ಕಡಿಮೆಯಾಯ್ತು, ಎಂದು. ಹೊಗಳಿಕೆ ಕೇಳಿದ ಮೇಲೆ ತೂಕದಮ್ಮ ಮುಚ್ಚಿಡಲಾರದೆ ಹೇಳಿಬಿಟ್ಟಳು.

"ಅಕ್ಕಾ, ಅದು ಒಳ್ಳೇ ಸೌದೆ ಅಲ್ಲ. ವಿಷದೆಣ್ಣೆ ಕುಡಿದ ಕಂಬ. ನಿನ್ನ ಕಣ್ಣು ಹಾಳಾಗಿರೋದು ಅದರಿಂದಲೇ."

ಅಕ್ಕ ಬಟ್ಟೆಯನ್ನು ಕೆಳಗಿಳಿಸಿದಳು. "ನಿಂಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

ಅಕ್ಕ ಗಂಡನ ಕಡೆ ತಿರುಗಿದಳು. ಅವನು ಸಿಟ್ಟಾಗಲಿಲ್ಲ, ಆಶ್ಚರ್ಯಪಡಲೂ ಇಲ್ಲ, ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆಯುತ್ತಿದ್ದ. ಅಷ್ಟರಲ್ಲಿ ಇಬ್ಬರು ಹೆಂಗಸರಿಗೂ ಅರ್ಥವಾಯಿತು. ಡಾಂಬರಿನ ವಾಸನೆ ಮೂಗಿರುವ ಯಾರಿಗೆ ತಾನೇ ತಿಳಿಯದು? ಅಕ್ಕನಿಗೆ ಮೊದಲ ವಾರದಲ್ಲೇ ಮೂಗು ಕಟ್ಟಿಹೋಗಿತ್ತು.

"ಹಾಗಾದ್ರೆ ಗೊತ್ತಿಲ್ಲದೇ ಇದ್ದವಳು ನಾನೊಬ್ಬಳೇ," ಎಂದಳು ಅಕ್ಕ. ಮತ್ತೆ ಬಟ್ಟೆಯನ್ನು ಕಣ್ಣಿಗೆ ಒತ್ತಿಕೊಂಡಳು. ತೂಕದಮ್ಮ ಸ್ವಲ್ಪ ಹೊತ್ತು ಕೂತಿದ್ದು ಎದ್ದುಬಂದಳು.

ಬೇಕರಿ ಕೆಲವು ದಿನ ಮುಚ್ಚಿತ್ತು. ಆಮೇಲೆ ಭಾವ ಡೀಸೆಲ್ ಒಲೆಯೊಂದನ್ನು ಹಾಕಿಸಿದ. ಅಕ್ಕ ಒಲೆಯ ಕೋಣೆಗೆ ಮತ್ತೆ ಕಾಲಿಡಲಿಲ್ಲ. ಅವಳು ಕರೆದರೆ ಅವನು ಓಡಿ ಬರುತ್ತಿದ್ದ, ಆದರೆ ಅವಳು ಕರೆಯುವುದೇ ಕಡಿಮೆಯಾಗಿತ್ತು. ಕಪ್ಪು ಮರ ಬೇಡ ಎಂದು ತೂಕದಮ್ಮ ಹೇಳಿದಾಗ ಮೈದುನ ಜಗಳವನ್ನೂ ಆಡಲಿಲ್ಲ. ಇರುವ ರಾಶಿಯನ್ನು ಲಾರಿಗೆ ಹೇರಿಕೊಂಡು ಊರಾಚೆಯ ಇಟ್ಟಿಗೆ ಗೂಡಿಗೆ ಸಾಗಿಸಿದ. ನೀನು ಕೊಳ್ಳದಿದ್ದರೆ ಕೊಳ್ಳುವವರು ಹತ್ತು ಜನ ಇದ್ದಾರೆ ಅತ್ತಿಗೆ, ಎಂದು ಹೋಗುವಾಗ ಹೇಳಿದ್ದ. ಅದು ನಿಜವೂ ಆಗಿತ್ತು. ಗಾಳಿ ಆ ಕಡೆಯಿಂದ ಬೀಸಿದ ದಿನ ಡಿಪೋದಲ್ಲಿ ಕೂತವಳಿಗೂ ಅದರ ವಾಸನೆ ಬರುತ್ತಿತ್ತು. ಎದ್ದು ಹೋಗಿ ಗೂಡಿನವರಿಗೆ ಹೇಳಬೇಕು ಎನ್ನಿಸುತ್ತಿತ್ತು. ಒಮ್ಮೆ ಹೋಗಿ ಹೇಳಿಯೂ ಬಂದಳು. ಅವರು ನೀರು ಕೊಟ್ಟು ಕೂರಿಸಿ, ಆಯ್ತಮ್ಮ ಎಂದು ಕಳಿಸಿದರು.

ಅವಳ ವ್ಯಾಪಾರ ಕಾಲುಭಾಗಕ್ಕೆ ಇಳಿಯಿತು. ಮೇಡಮ್ ಬಂದಾಗ ನಡೆದದ್ದನ್ನೆಲ್ಲ ಹೇಳಿದಳು. ಮೇಡಮ್ ಬೈಯಲಿಲ್ಲ. ನಿಮ್ಮದೊಂದು ಇಳಿದರೆ ದೇಶದ ಲೆಕ್ಕದಲ್ಲಿ ಕಾಣುವುದೂ ಇಲ್ಲ, ಈ ಸಲವೂ ಅದು ಏರಿದೆ ಎಂದಷ್ಟೇ ಹೇಳಿ ಬರೆದುಕೊಂಡಳು.

ಎಷ್ಟೋ ತಿಂಗಳ ಮೇಲೆ ಒಂದು ಮಧ್ಯಾಹ್ನ ಅಕ್ಕ ಡಿಪೋಗೆ ಬಂದಳು. ಕಣ್ಣುಗಳು ಇನ್ನೂ ಕೆಂಪಗೇ ಇದ್ದವು, ಧ್ವನಿ ಒಡೆದಿತ್ತು, ಕಟ್ಟಿದ್ದ ಮೂಗು ಮಾತ್ರ ಬಿಟ್ಟಿತ್ತು. ತೂಕದಮ್ಮ ಕುರ್ಚಿ ಒರೆಸಿ ಮುಂದಿಟ್ಟಳು. ಅಕ್ಕ ಕೂರಲಿಲ್ಲ. ಮೊದಲ ರಾಶಿಯ ಹತ್ತಿರ ಹೋಗಿ ಬಗ್ಗಿ ಮೂಸಿ ನೋಡಿದಳು, ಆಮೇಲೆ ಎರಡನೆಯದನ್ನು, ಕೊನೆಗೆ ಗೋಡೆ ಬದಿಯ ಬೇರಿನ ಗುಡ್ಡೆಯನ್ನು. ತಂಗಿ ತಡೆಯಲಿಲ್ಲ. ಗೇಟಿನ ಹತ್ತಿರ ನಿಂತು, ಅವಳು ಎಲ್ಲವನ್ನೂ ನೋಡಿ ಮುಗಿಸುವವರೆಗೆ ಕಾದಳು.