ಬೆಚ್ಚಗಿನ ಗೋಡೆ

ನಾನು ಒಂದು ಪಿಂಗಾಣಿ ಫ್ಯೂಸ್. ಹೆಸರು ಕೇಳುತ್ತಲೇ ಮುಖ ಸಿಂಡರಿಸಬೇಡಿ. ಜನ ನನ್ನ ಹೆಸರೆತ್ತುವುದೇ ನಾನು ಹೋದಾಗ, ಅದೂ ಬೈಯುವುದಕ್ಕೆ. ಇದ್ದಾಗ ಯಾರೂ ತಿರುಗಿ ನೋಡುವುದಿಲ್ಲ.

ಬಿಳಿ ಮಣ್ಣನ್ನು ಅಚ್ಚಿಗೆ ಒತ್ತಿ, ಭಟ್ಟಿಯಲ್ಲಿ ಬೇಯಿಸಿ, ಎರಡು ತುದಿಗೂ ಹಿತ್ತಾಳೆಯ ಪಟ್ಟಿ ಕೂರಿಸಿ ನನ್ನನ್ನು ಮಾಡಿದರು. ಆ ಪಟ್ಟಿಗಳ ನಡುವೆ ತೆಳ್ಳಗಿನ ತಂತಿಯೊಂದನ್ನು ಕಟ್ಟುತ್ತಾರೆ. ಕರೆಂಟು ಅದನ್ನು ದಾಟಿಯೇ ಮುಂದೆ ಹೋಗಬೇಕು. ಗೋಡೆಯ ವೈರು ತಡೆಯಲಾರದಷ್ಟು ಕರೆಂಟು ಹರಿದರೆ ಮೊದಲು ನನ್ನ ತಂತಿ ಕರಗಿ ತುಂಡಾಗುತ್ತದೆ. ಮನೆ ಕತ್ತಲಾಗುತ್ತದೆ, ಆದರೆ ಉಳಿಯುತ್ತದೆ. ನನಗೆ ಗೊತ್ತಿರುವ ಕೆಲಸ ಇದೊಂದೇ.

ದೊಡ್ಡಬಳ್ಳಾಪುರದ ನೇಕಾರ ಲಕ್ಕಪ್ಪ ನನ್ನನ್ನು ಅಂಗಡಿಯಿಂದ ತಂದ. ಅವನ ಮನೆಯ ಮುಂದಿನ ಪಡಸಾಲೆಯಲ್ಲಿ ಕರೆಂಟಿನ ಮಗ್ಗಗಳು, ಹಿಂದೆ ಒಂದು ಕೋಣೆ, ಅದರಾಚೆ ಬಚ್ಚಲು. ಕೋಣೆಯ ಬಾಗಿಲಿಗೆ ಎದುರಾಗಿ ಪಡಸಾಲೆಯ ಗೋಡೆಯ ಮೇಲೆ ನನ್ನ ಜಾಗ. ಅಲ್ಲಿಂದ ಇಡೀ ಮನೆ ಕಾಣುತ್ತಿತ್ತು. ಕೋಣೆಯ ಗೋಡೆಗುಂಟ ಬಚ್ಚಲಿಗೆ ಹೋಗುವ ಹಳೆಯ ವೈರಿಗೆ ನಾನೇ ಕಾವಲು.

ಲಕ್ಕಪ್ಪ ನನಗೆ ಬೆಲೆ ಕೊಟ್ಟವನು. ನಾನು ಹೋದರೆ, "ಏನೋ ಆಗ್ದೆ ಇದು ಹೋಗಲ್ಲ ಕಣೋ ಮುದ್ದ" ಎಂದು ಮಗನಿಗೆ ಹೇಳಿ, ಒಂದೊಂದೇ ಮೋಟರಿನ ಮೈ ಮುಟ್ಟಿ ನೋಡುತ್ತಿದ್ದ. ಕಾರಣ ಸಿಕ್ಕಿ ರಿಪೇರಿಯಾದ ಮೇಲೆಯೇ ನನಗೆ ಹೊಸ ತಂತಿ.

ಅವನು ತೀರಿಕೊಂಡ ಮೇಲೆ ನಾನು ಮಗ ಮುದ್ದಪ್ಪನ ಕೈಗೆ ಬಂದೆ. ಮುದ್ದಪ್ಪ ಕೆಟ್ಟವನಲ್ಲ, ಅವಸರದವನು. ಹೊಸದಾಗಿ ಕೊಂಡ ಮಗ್ಗವನ್ನು ಬಚ್ಚಲಿನ ಪಕ್ಕದ ಜಗಲಿಯಲ್ಲಿ ಹಾಕಿ, ಅದೇ ಹಳೆಯ ವೈರಿನಿಂದ ಕರೆಂಟು ಎಳೆದ. ನಾನು ಹೇಗೋ ಸಹಿಸಿಕೊಂಡೆ.

ಅಷ್ಟರಲ್ಲಿ ಮಗಳು ಹೇಮಾವತಿ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣುಮಗು. ಮೊದಲ ಮೊಮ್ಮಗಳೆಂದು ಮುದ್ದಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾಮಕರಣಕ್ಕೆ ಮಗಳು ಉಡುವ ರೇಷ್ಮೆ ಸೀರೆಯನ್ನು ತಾನೇ ನೇಯಬೇಕೆಂದು ಜಗಲಿಯ ಮಗ್ಗಕ್ಕೆ ಹಾಸು ಹೂಡಿದ. ತನ್ನ ಕೈಯಾರೆ ನೇಯ್ದ ಹಳೆಯ ಮೆತ್ತನೆ ಸೀರೆಯನ್ನು ಕೋಣೆಯ ತೊಲೆಯ ಕೊಂಡಿಗೆ ಜೋಲಿಯಾಗಿ ಕಟ್ಟಿದ.

ಬಾಣಂತಿಗೆ ಬಿಸಿನೀರು ಹಂಡೆಗಟ್ಟಲೆ ಬೇಕು. ಮುದ್ದಪ್ಪನ ಹೆಂಡತಿ ಕಾಂತಮ್ಮ ಬೆಳಗಾಗುತ್ತಲೇ ಹಂಡೆಯ ನೀರಿಗೆ ಕರೆಂಟಿನ ಕಾಯಿಲ್ ಇಳಿಸುತ್ತಿದ್ದಳು. ಅತ್ತ ಮಗ್ಗ, ಇತ್ತ ಕಾಯಿಲ್. ವೈರು ಬಿಸಿಯಾಗುವುದರೊಳಗೆ ನಾನು ಹೋಗುತ್ತಿದ್ದೆ. ದಿನಾ ಇದೇ ಪಾಡು.

"ಮೈಗೆ ಎಣ್ಣೆ ಹಚ್ಕೊಂಡು ಹಸಿ ಬಾಣಂತಿ ನಡುಗ್ತಾ ಕೂತವ್ಳೆ. ನಿಮ್ಮ ಫ್ಯೂಸಿಗೆ ಇದೇ ಹೊತ್ತು ಬೇಕಾಗಿತ್ತಾ?" ಎಂದು ಕಾಂತಮ್ಮ ಕೂಗಾಡಿದಳು.

ಮುದ್ದಪ್ಪನಿಗೆ ಮಗಳ ಚಳಿ ಸಹಿಸಲಾಗಲಿಲ್ಲ. ಮೋಟರಿನಿಂದ ಬಿಚ್ಚಿಟ್ಟಿದ್ದ ತಾಮ್ರದ ತಂತಿಯ ನಾಲ್ಕಾರು ಎಳೆ ಹೊಸೆದು ನನಗೆ ಬಿಗಿದ. ಹಲಗೆಗೆ ಒತ್ತಿ ಕೂರಿಸಿ, "ಈಗ ಹೋಗು ನೋಡಾನ" ಎಂದು ನಕ್ಕ.

ನಾನು ಹೋಗಲಿಲ್ಲ. ಹೋಗುವುದು ಹೇಗೆ? ಆ ದಪ್ಪ ತಂತಿ ಏನೇ ಬಂದರೂ ಕರಗುವಂಥದ್ದಲ್ಲ. ಬಾಯಿಗೆ ಬಟ್ಟೆ ತುರುಕಿಸಿಕೊಂಡ ಕಾವಲುಗಾರನ ಹಾಗೆ ಕೂತೆ. ಮನೆಯವರಿಗೆಲ್ಲ ಖುಷಿ. ಮಗ್ಗ ನಿಲ್ಲಲಿಲ್ಲ, ನೀರು ಆರಲಿಲ್ಲ. ಗೋಡೆಯ ಮರದ ಪಟ್ಟಿಯೊಳಗೆ ಹಳೆಯ ವೈರು ಮಾತ್ರ ದಿನದಿನವೂ ಬೇಯುತ್ತಿತ್ತು.

ಒಂದು ದಿನ ಕಾಂತಮ್ಮ ಆ ಗೋಡೆಗೆ ಅಂಗೈ ಒತ್ತಿದಳು. ಈಗ ತಿಳಿಯುತ್ತದೆ ಎಂದು ನಾನು ಆಸೆಯಿಂದ ನೋಡಿದೆ.

"ನೋಡೇ ಹೇಮಾ, ಗೋಡೆ ಎಷ್ಟು ಬೆಚ್ಚಗೈತೆ! ಬಾಣಂತಿ ಕ್ವಾಣೆ ಅಂದ್ರೆ ಹಿಂಗಿರ್ಬೇಕು" ಎಂದವಳೇ ಜೋಲಿಯನ್ನು ಬಿಚ್ಚಿ, ಗೋಡೆಯ ಪಕ್ಕದ ಕೊಂಡಿಗೆ ಕಟ್ಟಿದಳು.

ನನಗೆ ಭಯವಾಯಿತು. ಕೂಗಲು ಬಾಯಿಲ್ಲ, ಇದ್ದ ಒಂದು ದಾರಿಯನ್ನೂ ಮುಚ್ಚಿಬಿಟ್ಟಿದ್ದರು. ರಬ್ಬರು ಸುಡುವ ವಾಸನೆ ಬರುತ್ತಿತ್ತು ನಿಜ. ಆದರೆ ದಿನಾ ನೀರು ಹಾಕಿದ ಮೇಲೆ ಕಾಂತಮ್ಮ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ ತಾಯಿಗೂ ಮಗುವಿಗೂ ಹೊಗೆ ಕೊಡುತ್ತಿದ್ದಳಲ್ಲ, ಎಲ್ಲ ವಾಸನೆಯೂ ಅದರಲ್ಲಿ ಸೇರಿಹೋಗುತ್ತಿತ್ತು. "ಅಮ್ಮಾ, ಏನೋ ಕಮಟು" ಎಂದು ಹೇಮಾವತಿ ಅಂದಾಗಲೂ, "ಸಾಂಬ್ರಾಣಿ ಹಳೇದು ಕಣೆ, ಮಲಕ್ಕೋ" ಎಂಬ ಉತ್ತರ ಬಂತು.

ಮಗುವಿಗೆ ಕೆಮ್ಮು ಹತ್ತಿತು. ಹೊಗೆ ಬೇಡವೆಂದು ಆ ದಿನ ಸಾಂಬ್ರಾಣಿ ಹಾಕಲಿಲ್ಲ. ಮಗು ಜೋಲಿಯಲ್ಲಿ ಮಲಗಿತ್ತು. ಮಗ್ಗ ಓಡುತ್ತಿತ್ತು, ಮಧ್ಯಾಹ್ನ ಬಟ್ಟೆ ನೆನೆಹಾಕಲು ಕಾಯಿಲ್ ಕೂಡ ಹಾಕಿದ್ದರು. ಹೇಮಾವತಿ ತಟ್ಟನೆ ಎದ್ದು ಕೂತಳು.

"ಅಮ್ಮಾ, ಇವತ್ತು ಸಾಂಬ್ರಾಣಿ ಹಾಕೇ ಇಲ್ವಲ್ಲ. ವಾಸನೆ ಎಲ್ಲಿಂದ?"

ಗೋಡೆ ಮುಟ್ಟಿದವಳು ಚೀರಿ ಕೈ ಹಿಂತೆಗೆದಳು. ಮಗುವನ್ನು ಜೋಲಿಯಿಂದ ಬಾಚಿಕೊಂಡು ಬಾಗಿಲಿಗೆ ಬಂದಳು.

"ಹೊಸ್ತಿಲು ದಾಟಬ್ಯಾಡ್ವೇ, ಗಾಳಿ ತಗಲ್ತದೆ!" ಎಂದು ಕಾಂತಮ್ಮ ಅಡ್ಡ ಬಂದಳು. ಹೇಮಾವತಿ ತಾಯಿಯನ್ನು ತಳ್ಳಿಕೊಂಡೇ ದಾಟಿದಳು. ಅವಳ ಹಿಂದೆ ಮರದ ಪಟ್ಟಿ ಭುಗ್ಗೆಂದಿತು. ಉರಿ ಜೋಲಿಗೆ ಹತ್ತಿತು. ಹಳೆಯ ಮೆತ್ತನೆ ಸೀರೆ, ನೋಡನೋಡುತ್ತಲೇ ಇಲ್ಲವಾಯಿತು.

ಮುದ್ದಪ್ಪ ಓಡಿಬಂದು ಮೇನ್ ಸ್ವಿಚ್ ಇಳಿಸಿ, ನನ್ನನ್ನೂ ಕಿತ್ತೆಸೆದ. ಒದ್ದೆ ಗೋಣಿಚೀಲ ಬಡಿದು ಬೆಂಕಿ ಆರಿಸಿದರು. ಹೊಗೆ ಇಳಿದ ಮೇಲೆ ಕೊಂಡಿಯಲ್ಲಿ ಜೋಲಿಯ ಗಂಟೊಂದು ಉಳಿದಿತ್ತು. ಮುದ್ದಪ್ಪ ನೆಲದಿಂದ ನನ್ನನ್ನು ಎತ್ತಿಕೊಂಡ. ನನ್ನೊಳಗಿನ ತಾಮ್ರದ ತಂತಿ ಕಟ್ಟಿದ ದಿನ ಇದ್ದ ಹಾಗೇ ಇತ್ತು.

"ಎಲ್ಲಾ ಸುಟ್ಟೋಯ್ತು. ಇದೊಂದು ನೆಟ್ಟಗೈತೆ" ಎಂದು ಗೋಡೆಗೆ ಹಣೆ ಚಚ್ಚಿಕೊಂಡು ಅತ್ತ. ನನಗೂ ಅಳು ಬಂದಿತ್ತು.

ಮನೆಗೆಲ್ಲ ಹೊಸ ವೈರು ಎಳೆಸಿದ. ಬಚ್ಚಲಿಗೆ ಬೇರೆ ಲೈನು, ಮಗ್ಗಗಳಿಗೆ ಬೇರೆ. ನನ್ನ ಜಾಗಕ್ಕೆ ತಾನೇ ಬೀಳುವ ಟ್ರಿಪ್ ಸ್ವಿಚ್ಚುಗಳು ಬಂದವು. ನನ್ನನ್ನು ಮಾತ್ರ ಗುಜರಿಗೆ ಹಾಕಲಿಲ್ಲ. ತಂತಿ ಸಮೇತ ಪಡಸಾಲೆಯ ಗೂಡಿನಲ್ಲಿಟ್ಟ. ಆಯುಧಪೂಜೆಯಲ್ಲಿ ನನಗೂ ಒಂದು ಬೊಟ್ಟು ಕುಂಕುಮ ಸಿಗುತ್ತದೆ.

ಹೋದ ತಿಂಗಳು ಪಕ್ಕದ ಮನೆಯ ಅಶ್ವತ್ಥ ಬಂದ. ಅವನದೂ ಮಗ್ಗದ ಮನೆಯೇ.

"ಮುದ್ದಣ್ಣ, ನಮ್ಮನೇಲಿ ಫ್ಯೂಸು ಗಳಿಗೆಗೊಂದು ಸಲ ಹೋಗ್ತೈತೆ. ದಪ್ಪ ತಂತಿ ಇದ್ರೆ ಒಂಚೂರು ಕೊಡು."

ಮುದ್ದಪ್ಪ ಕೂತಲ್ಲಿಂದ ಎದ್ದ. ಅಜ್ಜನ ಮನೆಗೆ ಬಂದು ಬಾಬಿನ್ನು ಉರುಳಿಸುತ್ತಾ ಆಡುತ್ತಿದ್ದ ಮೊಮ್ಮಗಳನ್ನು ಎತ್ತಿ ಅವನ ತೋಳಿಗೆ ಕೊಟ್ಟ. ಆಮೇಲೆ ಗೂಡಿನಿಂದ ನನ್ನನ್ನು ತೆಗೆದು ಮುಂದೆ ಹಿಡಿದ.

"ತಂತಿ ಇದ್ರಾಗೇ ಐತೆ. ಇವಳನ್ನ ಎತ್ಕೊಂಡಿರೋ ಕೈಯಲ್ಲೇ ಬಿಚ್ಕೋ."

ಅಶ್ವತ್ಥ ಮಗುವನ್ನು ಮೆಲ್ಲಗೆ ಇಳಿಸಿದ. ನನ್ನನ್ನು ಮುಟ್ಟಲಿಲ್ಲ. "ಬೇಡ ಬಿಡಣ್ಣ" ಎಂದು ಹೊರಟುಹೋದ.

ಈಗ ನಾನು ಗೂಡಿನಲ್ಲಿ ಕೂತು ಪಕ್ಕದ ಮನೆಯ ಸದ್ದಿಗೆ ಕಿವಿಗೊಡುತ್ತೇನೆ. ಎಷ್ಟಾದರೂ ಹಳೆಯ ಅಭ್ಯಾಸ. ಮಗ್ಗ ಆಗಾಗ ನಿಂತು, ಅಶ್ವತ್ಥ ಗೊಣಗಿದ್ದು ಕೇಳಿಸಿದರೆ ನನಗೆ ನೆಮ್ಮದಿ. ಆ ಮನೆಯ ಫ್ಯೂಸು ಬದುಕಿದೆ ಎಂದರ್ಥ.

ಮೊನ್ನೆಯಿಂದ ಆ ಮಗ್ಗ ಒಂದು ಸಲವೂ ನಿಂತಿಲ್ಲ.